ನೋಡಿದಳು, ಕೇಳಲಿಲ್ಲ

ಪಕ್ಕದ ಮನೆಯಲ್ಲಿ ಪಂಚಮಿಗೆ ಶೇಂಗಾ ಹುರಿಯುತ್ತಿದ್ದಾರೆ. ಬಳ್ಳಾರಿಯ ನಮ್ಮ ಓಣಿಯೆಲ್ಲ ಅದೇ ವಾಸನೆ. ನನಗೆ ಮಾತ್ರ, ನೋಡಿ, ಉಂಡೆಗಿಂತ ಮೊದಲು ಕರೂರಿನ ಹುಲಿಗೆಮ್ಮ ನೆನಪಾಗುತ್ತಾಳೆ.

ಕೆಲವು ವರ್ಷಗಳ ಹಿಂದೆ, ಇಂಥದೇ ದಿನಗಳಲ್ಲಿ, ಮನೆಮಂದಿ ಮೊಬೈಲು ಹೇಗೆ ಬಳಸುತ್ತಾರೆಂದು ಕೇಳುತ್ತ ಸಿರುಗುಪ್ಪ, ಕರೂರಿನ ಕಡೆ ತಿರುಗುತ್ತಿದ್ದೆ. ಅಧ್ಯಯನ ಎಂದು ಅದಕ್ಕೆ ದೊಡ್ಡ ಹೆಸರು. ಕಂಡವರ ಮನೆಯ ಫೋನಿನಲ್ಲಿ ಇಣುಕುವುದಕ್ಕೆ ಸಂಬಳ ಬೇರೆ! ಫೋನು ಕಲಿಕೆಗೋ, ಮನರಂಜನೆಗೋ ಎಂದು ಕೇಳಿದರೆ, ಆಗಷ್ಟೇ ಭತ್ತದ ನಾಟಿ ಮುಗಿಸಿ ಬಂದಿದ್ದ ಹುಲಿಗೆಮ್ಮ, "ಮಗಳ್ನ ಕರಿಯಾಕ್ರೀ" ಎಂದಳು.

ಮಗಳು ಲಕ್ಷ್ಮಿ ತಾನೇ ಮೆಚ್ಚಿದವನನ್ನು ಮದುವೆಯಾಗಿ ತೆಕ್ಕಲಕೋಟೆಯಲ್ಲಿದ್ದಳು. "ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದು ತಾಯಿಯೇ ಅಂದುಬಿಟ್ಟಿದ್ದಳಂತೆ. ಸಿಟ್ಟು ಇಳಿದ ಮೇಲೆ ಫೋನು ಮಾಡಿದರೆ ಮಗಳು ಎತ್ತಲೊಲ್ಲಳು. ಆಮೇಲೆ ಹುಲಿಗೆಮ್ಮ ವಾಟ್ಸಾಪಿನಲ್ಲಿ ದನಿ ಕಳಿಸುವುದನ್ನು ಕಲಿತಳು. ದಿನಾ ಸಂಜೆ ಒಂದೇ ಮಾತು: "ಲಕ್ಷ್ಮೀ, ನಂದು ತಪ್ಪಾತವ್ವಾ. ಪಂಚಮಿಗಿ ಬಾ." ಮದುವೆಯಾದ ಮಗಳು ಪಂಚಮಿಗೆ ತವರಿಗೆ ಬರದಿದ್ದರೆ ನಮ್ಮ ಕಡೆಯ ತಾಯಂದಿರಿಗೆ ಉಂಡೆ ಗಂಟಲಲ್ಲಿ ಇಳಿಯುವುದಿಲ್ಲ.

"ನೋಡ್ರಿ, ನೀಲಿ ಗೆರಿ ಬಿದ್ದಾವು. ಎಲ್ಲಾ ಕೇಳ್ಯಾಳ, ಆದ್ರೂ ಬರವಲ್ಲಳು. ಕಲ್ಲಾಗ್ಯಾಳ" ಎಂದು ಫೋನು ನನ್ನ ಕೈಗಿಟ್ಟಳು.

ಗೆರೆ ನೀಲಿಯೇ. ಆದರೆ ದನಿಯ ಪಕ್ಕದ ಪುಟ್ಟ ಮೈಕಿನ ಚಿತ್ರ ಒಂದೂ ನೀಲಿಯಾಗಿರಲಿಲ್ಲ. ಮಗಳು ತೆರೆದು ನೋಡಿದ್ದಳು, ಒಂದನ್ನೂ ಒತ್ತಿ ಕೇಳಿರಲಿಲ್ಲ. ಹೇಳಲೋ ಬೇಡವೋ? ಕೊನೆಗೆ ಹೇಳಿಬಿಟ್ಟೆ.

ಅಳುತ್ತಾಳೆಂದುಕೊಂಡಿದ್ದೆ. ಅವಳ ಮುಖ ಅರಳಿತು. "ಕೇಳೇ ಇಲ್ಲೇನ್ರಿ? ಹಂಗಾರ ಬರಂಗಿಲ್ಲ ಅಂದಿಲ್ಲ ಆಕಿ! ನಮ್ಮವ್ವ ಬೈತಾಳ ಅಂತ ಹೆದರ್ಯಾಳ, ಹುಚ್ಚಿ!" ಕೈಯ ಕೆಸರನ್ನೂ ಸರಿಯಾಗಿ ತೊಳೆಯದೆ, ಕಟ್ಟಿಟ್ಟಿದ್ದ ಉಂಡೆಯ ಡಬ್ಬಿ ಬಗಲಿಗಿಟ್ಟುಕೊಂಡು ತೆಕ್ಕಲಕೋಟೆಗೆ ಬಸ್ಸು ಹತ್ತಿದಳು. ನನ್ನ ಉಳಿದ ಪ್ರಶ್ನೆಗಳು ಅಲ್ಲೇ ಉಳಿದವು. ನನ್ನ ನಂಬರು ಮಾತ್ರ ಅವಳ ಫೋನಿಗೆ ಹಾಕಿಕೊಟ್ಟಿದ್ದೆ.

ಸಂಜೆ ಫೋನು ಬಂತು. "ಮೇಡಂ..." ಎಂದಳು ಹುಲಿಗೆಮ್ಮ. ಹಿಂದಿನಿಂದ ಒಂದು ಹೆಣ್ಣುದನಿ ಗದರುತ್ತಿತ್ತು: "ಯವ್ವಾ, ಫೋನ್ ಇಡು. ಅನ್ನ ಆರಾಕತ್ತೈತಿ."

ಕುರುಗೋಡಿನ ನನ್ನ ಅಕ್ಕನಿಗೂ ನನಗೂ ಮಾತಿಲ್ಲ. ನಿನ್ನೆ ಅವಳ ದನಿಯೊಂದು ಬಂದು ಬಿದ್ದಿದೆ; ನೋಡಿದ್ದೇನೆ, ಕೇಳಿಲ್ಲ. ಬೈದಿದ್ದರೆ ಬೈದಿರಲಿ. ಈಗ ಒತ್ತಿದೆ.