ಒಂದೇ ಕಿವಿಯ ಪಾಳಿ

ಬೆಳಗಿನ ಆರು ಗಂಟೆ. ತುರ್ತು ಚಿಕಿತ್ಸಾ ವಿಭಾಗದ ನೆಲ ಇನ್ನೂ ಒದ್ದೆಯಿದೆ, ಫಿನಾಯಿಲ್ ವಾಸನೆ ಹೊಡೆಯುತ್ತಿದೆ. ಪಾಳಿಗೆ ಬಂದ ನರ್ಸ್ ಮೊದಲು ಗುರುತಿನ ಚೀಟಿಯ ದಾರವನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಕತ್ತಿನಲ್ಲಿದ್ದರೆ ಯಾರಾದರೂ ಹಿಡಿದು ಎಳೆಯುತ್ತಾರೆ. ಸ್ಟೆತಸ್ಕೋಪೂ ಜೇಬಿಗೇ. ಕತ್ತರಿ ಬೀಗದ ಡ್ರಾಯರಿಗೆ. ಗ್ಲೂಕೋಸ್ ಸ್ಟ್ಯಾಂಡನ್ನು ಜನರ ಕೈಗೆ ಎಟುಕದಂತೆ ಗೋಡೆಯ ಬದಿಗೆ ಸರಿಸುತ್ತಾರೆ. ಇಷ್ಟಾದ ಮೇಲೆ ಮೊದಲ ರೋಗಿಯ ಕೈ ಹಿಡಿದು ನಾಡಿ ನೋಡುತ್ತಾರೆ.

“ಹೊಸ ಹುಡುಗೀರಿಗೆ ಮೊದಲ ದಿನ ಸೂಜಿ ಹಾಕೋದು ಹೇಳ್ಕೊಡಲ್ಲ. ಬಾಗಿಲು ನಿಮ್ಮ ಬೆನ್ನ ಹಿಂದೆ ಇರ್ಲಿ, ರೋಗಿ ಕಡೆಯವರು ಎದುರಿಗಿರ್ಲಿ ಅಂತೀನಿ. ಓಡೋಕೆ ದಾರಿ ಬೇಕಲ್ಲ.”

ಜೊತೆಯವರು ಇವರನ್ನು ದೊಡ್ಡಕ್ಕ ಎನ್ನುತ್ತಾರೆ. ವಯಸ್ಸು ನಲವತ್ತೊಂದು. ಈ ವಿಭಾಗದಲ್ಲಿ ಹದಿನಾಲ್ಕು ವರ್ಷ. ಒಂದು ಪಾಳಿಗೆ ಮೂವರು ನರ್ಸುಗಳು, ಎಪ್ಪತ್ತರ ಆಸುಪಾಸು ರೋಗಿಗಳು. ಒಬ್ಬೊಬ್ಬ ರೋಗಿಯ ಹಿಂದೆ ಐದಾರು ಜನ. ರಕ್ತದೊತ್ತಡ ಅಳೆಯುವ ಯಂತ್ರ ಎರಡಿದ್ದವು. ಒಂದನ್ನು ಹೋದ ವರ್ಷ ಯಾರೋ ನೆಲಕ್ಕೆ ಬಡಿದರು. ಅಂದಿನಿಂದ ಹೆಚ್ಚಿನವರಿಗೆ ಕೈಪಂಪು, ಸ್ಟೆತಸ್ಕೋಪೇ ಗತಿ.

ನಾಲ್ಕು ತಿಂಗಳ ಹಿಂದಿನ ಒಂದು ಮಧ್ಯಾಹ್ನ, ಉಸಿರು ಸಿಗದ ಮುದುಕಿಯೊಬ್ಬಳನ್ನು ಮಗ ಎತ್ತಿಕೊಂಡು ಬಂದ. ದೊಡ್ಡಕ್ಕ ಆಮ್ಲಜನಕದ ಮುಖವಾಡ ಹಾಕುತ್ತ, ಸ್ವಲ್ಪ ಹೊರಗೆ ನಿಲ್ಲಿ ಅಂದರು. ಅವನು ಎಡಗೆನ್ನೆಗೆ ಕಿವಿ ಸೇರಿಸಿ ಹೊಡೆದ. ಇವರು ಮುಖವಾಡದ ಪಟ್ಟಿ ಬಿಗಿದು, ಗಾಳಿ ಸರಿಯಾಗಿ ಹೋಗುತ್ತಿದೆಯೇ ನೋಡಿ, ಆಮೇಲೆ ನೆಲದ ಮೇಲೆ ಕೂತರು. ಕಿವಿಯ ತಮಟೆ ಹರಿದಿತ್ತು. ಮುದುಕಿ ಬದುಕಿದಳು.

ಪೊಲೀಸರು ಕೇಳಿದ ಮೊದಲ ಪ್ರಶ್ನೆ, ನೀವೇನಂದ್ರಿ ಅವನಿಗೆ? ಮುಖ್ಯ ವೈದ್ಯರೂ ಅದನ್ನೇ ಕೇಳಿದರು. ಮನೆಯಲ್ಲಿ ಬಿಸಿನೀರಿನ ಬಟ್ಟೆ ಹಿಂಡಿ ಕೊಡುತ್ತ ಅತ್ತೆಯೂ ಕೇಳಿದರು, “ನೀನೇನಂದೆಯೇ ಅವನಿಗೆ?”

ಮುದುಕಿ ಮನೆಗೆ ಹೊರಡುವ ದಿನ ಇವರ ಕೈ ಹಿಡಿದು, ಮಗ ಒಳ್ಳೆಯವನು, ನನ್ನ ಮೇಲಿನ ಜೀವಕ್ಕೆ ಹಾಗೆ ಮಾಡಿದ ಎಂದು ಅತ್ತಳು. ದೊಡ್ಡ ಮನಸ್ಸು ಮಾಡಿ ಎಂದು ಮುಖ್ಯ ವೈದ್ಯರು ಕಾಗದ ಮುಂದಿಟ್ಟರು. ದೂರು ವಾಪಸಾಯಿತು.

“ದೊಡ್ಡ ಮನಸ್ಸು ಮಾಡ್ಬೇಕಾದೋರು ಯಾವಾಗ್ಲೂ ಏಟು ತಿಂದೋರೇ,” ಎನ್ನುತ್ತಾರೆ ದೊಡ್ಡಕ್ಕ. ದನಿಯಲ್ಲಿ ಸಿಟ್ಟಿಲ್ಲ.

ಒಂಬತ್ತನೇ ತರಗತಿಯ ಮಗಳು ಈಗ ಅಮ್ಮನ ಬಲಕ್ಕೇ ಕೂರುತ್ತಾಳೆ. ನಿನಗೆ ಬೈಯೋದಿದ್ರೆ ಎಡಗಡೆ ಬಂದು ಬೈತೀನಿ ಬಿಡಮ್ಮ ಎಂದು ರೇಗಿಸುತ್ತಾಳೆ. ಗಂಡ ಕೆಲಸ ಬಿಡು ಎಂದು ಎರಡು ಸಲ ಹೇಳಿದ್ದಾರೆ.

ಕೆಲಸ ಬಿಡುವ ಯೋಚನೆ ದೊಡ್ಡಕ್ಕನಿಗೆ ಇರಲಿಲ್ಲ. ಒಂದು ಕಿವಿ ಸಾಕು ಅಂದುಕೊಂಡಿದ್ದರು. ಹೋದ ತಿಂಗಳು ಒಬ್ಬ ಗಾರೆಯವನ ರಕ್ತದೊತ್ತಡವನ್ನು ಸ್ಟೆತಸ್ಕೋಪಿನಲ್ಲಿ ಅಳೆದರು. ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಇಳಿಯುವಾಗ ಮೊದಲು ಬರುವ ಮೆಲ್ಲನೆಯ ಬಡಿತವನ್ನೇ ಹಿಡಿಯಬೇಕು. ಸುತ್ತಲಿನ ಗಲಾಟೆಯಲ್ಲಿ ಅದು ಇವರಿಗೆ ತಡವಾಗಿ ಕೇಳಿತು. ನೂರ ಐವತ್ತು ಎಂದು ಬರೆದರು. ಅವನ ಮಾತು ತೊದಲುತ್ತಿದ್ದದ್ದನ್ನು ಕಂಡು ಅನುಮಾನವಾಗಿ, ಯಂತ್ರ ತಂದು ಮತ್ತೆ ನೋಡಿದರು. ನೂರ ತೊಂಬತ್ತೆರಡಿತ್ತು. ಚಿಕಿತ್ಸೆ ಹೊತ್ತಿಗೆ ಸಿಕ್ಕಿತು, ಅವನು ಉಳಿದುಕೊಂಡ. ಅಂದೇ ಸಂಜೆ ಇವರು ಮೇಲಿನವರ ಬಳಿ ಹೋಗಿ ಎಲ್ಲ ಹೇಳಿ, ನನ್ನನ್ನು ಇಲ್ಲಿಂದ ತೆಗೆಯಿರಿ ಎಂದರು.

“ಬೇರೆ ಯಾರಿಗೂ ಗೊತ್ತಾಗಿರ್ಲಿಲ್ಲ. ನಂಗೆ ಗೊತ್ತಾಗಿತ್ತಲ್ಲ.”

ಬರುವ ಸೋಮವಾರದಿಂದ ಅವರಿಗೆ ಬಟ್ಟೆಯ ಉಗ್ರಾಣದಲ್ಲಿ ಕೆಲಸ. ಹಾಸಿಗೆ ಬಟ್ಟೆ ಎಣಿಸುವುದು, ಮಡಿಸುವುದು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹೊಡೆದವನ ಮೇಲೆ ಯಾವ ಮೊಕದ್ದಮೆಯೂ ಇಲ್ಲ.

ವರ್ಗದ ಆದೇಶವನ್ನು ನಾಲ್ಕಾಗಿ ಮಡಿಸಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಕಾರಣ ಎಂಬಲ್ಲಿ ‘ಸ್ವಂತ ಕೋರಿಕೆ’ ಎಂದಿದೆ. ಗುಮಾಸ್ತರನ್ನು ಕೇಳಿದರಂತೆ. ನೀವೇ ಕೇಳಿಕೊಂಡದ್ದಲ್ವಾ ಸಿಸ್ಟರ್ ಎಂದರಂತೆ ಅವರು.

“ಕೇಳಿದ್ದು ನಾನೇ, ಸುಳ್ಳಲ್ಲ,” ಎನ್ನುತ್ತಾರೆ ದೊಡ್ಡಕ್ಕ. “ವಾಪಸ್ ಕರೀರಿ ಅಂತ ಕೇಳ್ತಿಲ್ಲ. ಆದ್ರೆ ಅದ್ರ ಪಕ್ಕದಲ್ಲಿ, ಡ್ಯೂಟೀಲಿದ್ದಾಗ ಹೊಡೆದಿದ್ದರು ಅಂತ ಒಂದು ಸಾಲು ಬರೀಬಹುದಿತ್ತು. ಜಾಗ ಇತ್ತು.”