ಪೋಸ್ಟ್ ಮೇಡಂ ಕೇಳಿದ ಕಾನೂನು

ಅವರ ಬಲ ಅಂಗೈಯ ನಡುವೆ ಹುಣಸೆ ಬೀಜದಷ್ಟು ದೊಡ್ಡ ಗಂಟೊಂದಿತ್ತು. ಅಂಚೆ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮೊಹರಿನ ಮರದ ಹಿಡಿಯನ್ನು ಒತ್ತಿ ಒತ್ತಿ ಆದ ಗಂಟು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅದು ಕರಗಿರಲಿಲ್ಲ. ಮಾತಿನ ನಡುವೆ ಎಡಗೈ ಹೆಬ್ಬೆರಳಿನಿಂದ ಅದನ್ನು ಸವರಿಕೊಳ್ಳುತ್ತಿದ್ದರು. ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಕೂರುತ್ತಿದ್ದೇನೆ. ಪ್ರತಿ ಸಲವೂ ಆ ಗಂಟಿನ ತನಕ ಬರೆದು ಎದ್ದುಬಿಡುತ್ತೇನೆ. ಅದರ ಮುಂದಿನದು ನನ್ನ ತಪ್ಪಿನ ಕಥೆ. ಈ ಸಲ ಎದ್ದೇಳುವುದಿಲ್ಲ.

ನಂಜನಗೂಡಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಪೋಸ್ಟ್ ಮೇಡಂ. ಕೆಲಸದಲ್ಲಿದ್ದಷ್ಟು ಕಾಲ ಟಿ. ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನಮ್ಮ ಎದುರು ಮನೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು, ಒಬ್ಬರೇ. ಮದುವೆ ಏಕಾಗಲಿಲ್ಲ ಎಂಬುದಕ್ಕೆ ಬೀದಿಯಲ್ಲಿ ಮೂರು ಕಥೆಗಳಿದ್ದವು. ಮೂರೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅವರನ್ನೇ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಕೋರ್ಟಿನಲ್ಲಿ ಅಮೀನನಾಗಿದ್ದವನು. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿ, ಸಮನ್ಸು, ನೋಟೀಸುಗಳನ್ನು ಮನೆಮನೆಗೆ ತಲುಪಿಸುತ್ತ ನಿವೃತ್ತನಾದೆ. ಕಾನೂನು ಓದಿದವನಲ್ಲ. ಆದರೆ ನಮ್ಮ ಬೀದಿಯವರಿಗೆ ಕೋರ್ಟಿನ ಮೆಟ್ಟಿಲು ಹತ್ತಿಳಿದವನೆಲ್ಲ ಅರ್ಧ ವಕೀಲ. ಪಾಲು ಪಾರೀಕತ್ತು, ಗೋಡೆ ಜಗಳ, ಎಲ್ಲಕ್ಕೂ ನಮ್ಮ ಜಗಲಿಗೆ ಬಂದು ಕೇಳುತ್ತಿದ್ದರು. ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಏನೋ ಒಂದು ಹೇಳಿ ಕಳಿಸುತ್ತಿದ್ದೆ.

ಮೇಡಂ ಹಾಗಲ್ಲ. ತಮ್ಮದಲ್ಲದ್ದರ ವಿಷಯದಲ್ಲಿ ಅವರು ವಿಪರೀತ ಕಟ್ಟುನಿಟ್ಟು. ಕೆಲಸದಲ್ಲಿದ್ದಾಗ ಪೋಸ್ಟ್ ಕಾರ್ಡುಗಳನ್ನು ವಿಳಾಸದ ಬದಿ ಮೇಲಾಗಿ ಜೋಡಿಸಿ ಇಡುತ್ತಿದ್ದರಂತೆ, ಬರಹದ ಮೇಲೆ ಕಣ್ಣು ಬೀಳಬಾರದೆಂದು. "ಅದು ತೆರೆದೇ ಇರುತ್ತಲ್ಲ ಮೇಡಂ, ಓದಿದರೇನು?" ಎಂದು ಒಮ್ಮೆ ಕೇಳಿದ್ದೆ. "ಅಂಟಿಸಿಲ್ಲ ಅಂದ ಮಾತ್ರಕ್ಕೆ ನನಗೆ ಬರೆದದ್ದಾ ಅಮೀನರೇ?" ಎಂದಿದ್ದರು.

ಇಂಥವರಿಗೆ ಒಂದು ಹುಚ್ಚಿತ್ತು, ವಿಡಿಯೋ ಗೇಮ್. ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಪೆಟ್ಟಿಗೆ. ತಮ್ಮನ ಮಕ್ಕಳು ರಜಕ್ಕೆ ಬಂದಾಗ ತಂದು, ದೊಡ್ಡವರಾದ ಮೇಲೆ ಬೇಡವೆಂದು ಬಿಟ್ಟುಹೋಗಿದ್ದದ್ದು. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ನಿವೃತ್ತರಾದ ಮೇಲೆ ಧೂಳು ಒರೆಸಿ ಆಡಲು ಕೂತವರು ಮಧ್ಯಾಹ್ನಗಳನ್ನೆಲ್ಲ ಅದರಲ್ಲೇ ಕಳೆಯುತ್ತಿದ್ದರು. ಒಂದು ದಿನ ಪೆಟ್ಟಿಗೆ ಕೆಟ್ಟಿತು. ಟಿ. ನರಸೀಪುರದಲ್ಲಿ ಅವರಿಗೆ ಪರಿಚಯದ ರಿಪೇರಿಯವನೊಬ್ಬನಿದ್ದ. ಅದರ ಸಾಮಾನು ಈಗ ಬರುವುದಿಲ್ಲವೆಂದು ಅವನು ಒಂದು ಹಳೆ ಕಂಪ್ಯೂಟರನ್ನೇ ಟಿವಿಗೆ ಸಿಕ್ಕಿಸುವ ಹಾಗೆ ಸಜ್ಜು ಮಾಡಿ ಕೊಟ್ಟ. "ಎಮ್ಯುಲೇಟ್ರು ಅಂತ ಆಕಿವ್ನಿ ಕಣಮ್ಮ. ಕಂಪ್ಯೂಟ್ರು ನಾನೇ ಆ ಹಳೇ ಡಬ್ಬ ಅಂತ ನಾಟ್ಕ ಆಡ್ತದೆ. ಗೇಮು ನೆಟ್ಟಲ್ಲೇ ಸಿಕ್ತು, ಇಳಿಸ್ಕೊಟ್ಟಿವ್ನಿ" ಎಂದನಂತೆ.

ನೆಟ್ಟಲ್ಲಿ ಸಿಕ್ಕಿತು ಎಂಬ ಮಾತು ಮೇಡಂಗೆ ಮುಳ್ಳಾಯಿತು. ರಸ್ತೆ ದಾಟಿಕೊಂಡು ಹೋಗುತ್ತಿದ್ದ ನನ್ನನ್ನು ಬಾಗಿಲಿನಿಂದಲೇ ಕರೆದರು.

"ಅಮೀನರೇ, ನೀವು ಕೋರ್ಟಿನವರು, ಒಂದು ಮಾತು ಹೇಳಿ. ಈ ಆಟ ಮಾಡಿದವರು ಯಾರೋ ಇದ್ದಾರೆ. ನಾನು ಅವರನ್ನ ಕೇಳಿಲ್ಲ. ಹೀಗೆ ಇಳಿಸ್ಕೊಂಡು ಆಡಬಹುದಾ?"

"ಕ್ಯಾಸೆಟ್ ನಿಮ್ಮತ್ರ ಇದೆಯಲ್ಲ?"

"ಇದೆ."

"ಮತ್ತೇನು? ನಿಮ್ಮದನ್ನೇ ನೀವು ಆಡ್ತೀರಿ. ಕಾನೂನು ಏನೂ ಅನ್ನಲ್ಲ."

ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಒಳಗೆ ಟಿವಿಯಲ್ಲಿ ಸಂಗೀತ ಬರುತ್ತಿತ್ತು, ಕುರ್ಚಿ ಖಾಲಿಯಿತ್ತು, ನಮ್ಮ ಮನೆಯಲ್ಲಿ ಸಂಜೆಯವರೆಗೆ ನನಗೆ ಮಾತಾಡಲು ಯಾರೂ ಇರಲಿಲ್ಲ. ಹೆಂಡತಿ ಹೋಗಿ ಆರು ವರ್ಷವಾಗಿತ್ತು. ಮಗ ಕಾರ್ಖಾನೆಗೆ, ಸೊಸೆ ಅಂಗನವಾಡಿಗೆ. ಆಡಬಹುದು ಎಂದು ನಾನು ಹೇಳಿದ್ದು ಅದಕ್ಕೆ.

ಅವರ ಮುಖ ಹಗುರಾಯಿತು. "ಹಾಗಾದ್ರೆ ಕೂತ್ಕೊಳ್ಳಿ. ಇನ್ನೊಂದು ರಿಮೋಟು ಸುಮ್ನೆ ಬಿದ್ದಿದೆ."

ಹಾಗೆ ಶುರುವಾಯಿತು. ದಿನಾ ಮೂರು ಗಂಟೆಯಿಂದ ನಾಲ್ಕೂವರೆ. ಟಿವಿಯ ತೆರೆಯ ಮೇಲೆ ಇಬ್ಬರಿಗೂ ಒಂದೊಂದು ಪುಟ್ಟ ಟ್ಯಾಂಕು. ಇಟ್ಟಿಗೆ ಗೋಡೆಯ ಹಿಂದಿರುವ ಬಾವುಟವನ್ನು ಇಬ್ಬರೂ ಸೇರಿ ಕಾಯಬೇಕು. ನನ್ನ ಬೆರಳಿಗೆ ಅದು ಒಗ್ಗುತ್ತಲೇ ಇರಲಿಲ್ಲ. ಶತ್ರುವಿಗೆ ಹೊಡೆಯಲು ಹೋಗಿ ಅವರ ಟ್ಯಾಂಕಿಗೇ ಹೊಡೆಯುತ್ತಿದ್ದೆ. "ಅಮೀನರೇ! ನಾನು ನಿಮ್ಮ ಕಡೆಯವಳು ಕಣ್ರೀ!" ಎಂದು ಕೂಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಾನಿದ್ದಷ್ಟು ಹೊತ್ತೂ ಬೀದಿಯ ಬಾಗಿಲನ್ನು ಪೂರಾ ತೆರೆದು, ಅದಕ್ಕೊಂದು ಕಲ್ಲು ಒತ್ತಿಟ್ಟಿರುತ್ತಿದ್ದರು. ನಾಲ್ಕೂವರೆಗೆ ಟೀ, ಎರಡು ಬೆಣ್ಣೆ ಬಿಸ್ಕತ್ತು. ಆಮೇಲೆ "ಸರಿ, ಕೌಂಟರ್ ಕ್ಲೋಸ್" ಎನ್ನುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಎಂಟು ತಿಂಗಳು ಹೀಗೆ ನಡೆಯಿತು. ಹೆಂಡತಿ ಹೋದ ಮೇಲೆ ನಾನು ಗಡಿಯಾರ ನೋಡಿ ಕಾದದ್ದೆಂದರೆ ಆ ಎಂಟು ತಿಂಗಳು ಮಾತ್ರ.

ನನ್ನ ಜೊತೆ ಕೋರ್ಟಿನಲ್ಲಿ ಟೈಪಿಸ್ಟಾಗಿದ್ದ ಗೆಳೆಯನೊಬ್ಬನಿದ್ದಾನೆ, ಬದನವಾಳಿನ ಕಡೆಯವನು. ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಶುರು ಮಾಡಿದ.

"ಏನ್ಲಾ ಅಮೀನ, ದಿನಾ ಮಧ್ಯಾನ ಪೋಸ್ಟಿಗೆ ಓಯ್ತೀಯಂತೆ? ಯಾರ್ದಲಾ ಕಾಗ್ದ ಬತ್ತದೆ ನಿಂಗೆ?"

"ಬರೀ ಕಾಗ್ದ ಅಲ್ಲ ಕಣಣ್ಣೋ, ರಿಜಿಸ್ಟ್ರಿ" ಎಂದ ಪಕ್ಕದಲ್ಲಿದ್ದವನು. "ಕೂತು, ಸೈನ್ ಆಕೇ ಇಸ್ಕೊಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಒಂದು ಮಾತು ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ನಗುವನ್ನು ನಾನು ಮನೆಗೆ ಹೊತ್ತು ತಂದೆ. ಮಗನ ಕಿವಿಗೆ ಬಿದ್ದರೆ? ಸೊಸೆ ಏನಂದುಕೊಂಡಾಳು? ಎಪ್ಪತ್ತರ ಹತ್ತಿರದ ಮನುಷ್ಯ, ಹುಡುಗನ ಹಾಗೆ ಹೆದರಿದೆ. ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಮೇಡಂ ಕಿಟಕಿಯಿಂದ ಕೈಬೀಸಿದರು. ಹೋದೆ. ಜನ ಆಡಿಕೊಳ್ಳುತ್ತಾರೆ, ಇನ್ನು ಬರಲಾರೆ ಎಂದು ಹೇಳುವ ಗಂಡಸುತನ ನನ್ನಲ್ಲಿರಲಿಲ್ಲ. ಕುರ್ಚಿಯಲ್ಲಿ ಕೂರದೆ, ಹೊಸ್ತಿಲಲ್ಲೇ ನಿಂತು, ಕೋರ್ಟಿನ ದನಿಯಲ್ಲಿ ಹೇಳಿದೆ:

"ಮೇಡಂ, ವಕೀಲರನ್ನ ಕೇಳಿದೆ. ನಾವು ಮಾಡ್ತಿರೋದು ಅಪರಾಧವಂತೆ. ಕಾಪಿರೈಟು. ಗೊತ್ತಾದ್ರೆ ಕಂಪ್ಯೂಟರ್ ಸೀಜ್ ಮಾಡ್ತಾರಂತೆ."

ಯಾವ ವಕೀಲರನ್ನೂ ನಾನು ಕೇಳಿರಲಿಲ್ಲ.

ಅವರು ರಿಮೋಟನ್ನು ನಿಧಾನವಾಗಿ ಕೆಳಗಿಟ್ಟರು. "ಎಂಟು ತಿಂಗಳು ಆಡಿಬಿಟ್ಟೆವಲ್ಲ ಅಮೀನರೇ" ಎಂದರು. ಸಾವಿರಾರು ಜನರ ಕಾಗದಗಳು ಕೈದಾಟಿ ಹೋದರೂ ಒಂದನ್ನೂ ಒಡೆಯದ ಹೆಂಗಸು. ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತು ಆ ಆಟವನ್ನು ಹುಡುಕಿದರು. ಅಳಿಸಲು ಹೋದಾಗ ಅದು ಏನೋ ಕೇಳಿತು. ನನ್ನ ಕಡೆ ತಿರುಗಿದರು. "ಖಂಡಿತವಾಗಿಯೂ ಅಳಿಸಬೇಕಾ ಅಂತ ಕೇಳ್ತಿದೆ. ಒತ್ತಲಾ?"

"ಒತ್ತಿ ಮೇಡಂ" ಎಂದೆ.

ಅವರು ಅಲ್ಲಿಗೆ ಬಿಡಲಿಲ್ಲ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕವಿತ್ತು. ಅದರ ಕೊನೆಯಲ್ಲಿ ಹೊರದೇಶದ ಕಂಪನಿಯ ವಿಳಾಸವಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆದರು. ಪೆಟ್ಟಿಗೆ ಕೆಟ್ಟಿದೆ, ಕ್ಯಾಸೆಟ್ಟು ನನ್ನ ಬಳಿಯಿದೆ, ತಿಳಿಯದೆ ಇಳಿಸಿಕೊಂಡು ಆಡಿದ್ದೇನೆ, ದಯವಿಟ್ಟು ಅಪ್ಪಣೆ ಕೊಡಿ ಎಂದು. ಟಿ. ನರಸೀಪುರಕ್ಕೇ ಹೋಗಿ, ತಾವು ಕೂರುತ್ತಿದ್ದ ಕೌಂಟರಿನಲ್ಲೇ ರಿಜಿಸ್ಟರ್ ಮಾಡಿಸಿ ಬಂದರು. ಅದನ್ನು ಕೇಳಿದ ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ನಾಲ್ಕು ತಿಂಗಳಾದ ಮೇಲೆ ಆ ಲಕೋಟೆಯನ್ನು ಹಿಡಿದು ನಮ್ಮ ಗೇಟಿನ ಬಳಿ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಜಗಲಿಯಲ್ಲಿ ನನ್ನ ಪಕ್ಕ ಅದೇ ಟೈಪಿಸ್ಟ್ ಗೆಳೆಯ ಕೂತಿದ್ದ.

"ವಾಪಸ್ ಬಂತು ಅಮೀನರೇ. ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲವಂತೆ, ಕಂಪನಿಯೇ ಮುಚ್ಚಿರಬೇಕು. ಕಳಿಸಿದವರೂ ಇಲ್ಲ, ತಗೊಳ್ಳೋರೂ ಇಲ್ಲ ಅನ್ನೋ ಕಾಗದ ನಮ್ಮಲ್ಲೂ ಬರ್ತಿತ್ತು. ಹಾಗಂತ ಅದನ್ನ ಮನೆಗೆ ಒಯ್ಯೋ ಹಾಗಿರಲಿಲ್ಲ. ಆದ್ರೆ ಇದಕ್ಕೆ ಬೇರೆ ಕಾನೂನು ಇರಬಹುದಲ್ಲ? ನಿಮ್ಮ ವಕೀಲರನ್ನ ಇನ್ನೊಂದು ಸಲ ಕೇಳ್ತೀರಾ?"

ಆಗ ಎದ್ದು ಗೇಟಿನ ತನಕ ಹೋಗಿದ್ದರೆ ಸಾಕಿತ್ತು. ವಕೀಲರು ಯಾರೂ ಇಲ್ಲ ಮೇಡಂ, ಸುಳ್ಳು ಹೇಳಿದೆ, ನಡೆಯಿರಿ ಆಡೋಣ ಎಂದಿದ್ದರೆ ಸಾಕಿತ್ತು. ಪಕ್ಕದಲ್ಲಿ ಗೆಳೆಯ ಮೀಸೆಯಡಿಯಲ್ಲಿ ನಗುತ್ತಿದ್ದ. ನಾನು ಕೂತಲ್ಲಿಂದಲೇ "ಕೇಳಿ ಹೇಳ್ತೀನಿ ಮೇಡಂ" ಎಂದೆ.

ಆಮೇಲೆ ಬೀದಿಯಲ್ಲಿ ಸಿಕ್ಕಾಗ ಎರಡು ಸಲ ಕೇಳಿದರು, "ಸಿಕ್ಕಿದ್ರಾ ವಕೀಲರು?" ಇಲ್ಲ, ಊರಲ್ಲಿಲ್ಲ ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ಮಧ್ಯಾಹ್ನಗಳಲ್ಲಿ ಅವರ ಬಾಗಿಲು ಮುಚ್ಚಿಯೇ ಇರತೊಡಗಿತು. ನಾನು ಹಾಲು, ತರಕಾರಿಗೆ ಹಿಂದಿನ ಬೀದಿಯಿಂದ ಸುತ್ತಿ ಹೋಗುವುದನ್ನು ಕಲಿತೆ.

ಮರುವರ್ಷ ಅವರಿಗೆ ಜ್ವರ ಬಂದು ಬಿಡದಾಯಿತು. ತಮ್ಮನ ಮಗ ಬಂದು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಆಟೋ ಹತ್ತಿಸಲು ನಾನೂ ಕೈಜೋಡಿಸಿದೆ. ಮೈ ಹಗುರವಾಗಿತ್ತು, ಬೆಂಕಿಯ ಹಾಗೆ ಸುಡುತ್ತಿತ್ತು. ಸೀಟಿಗೆ ಒರಗಿದವರು ನನ್ನ ಮುಖ ನೋಡಿದರು. ಹುಡುಗ ಚೀಲ ತರಲು ಒಳಗೆ ಹೋಗಿದ್ದ.

"ವಕೀಲರನ್ನ ಹುಡುಕೋದು ಬಿಡಿ ಅಮೀನರೇ" ಎಂದರು. "ಬರೋಕೆ ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಆಟ ಯಾಕೆ ಅಳಿಸಬೇಕಿತ್ತು? ಒಬ್ಬಳೇ ಆಡ್ಕೊಳ್ತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಕೌಂಟರಿನಲ್ಲಿ ಹಿಂದಿನವರಿಗೆ ಜಾಗ ಬಿಡಿ ಎನ್ನುವ ಹಾಗಿತ್ತು. ನಾನು ಬಾಯಿ ತೆರೆದೆ. ಬಂದದ್ದು ಇಷ್ಟೇ: "ಹುಷಾರಾಗಿ ಬನ್ನಿ ಮೇಡಂ." ಆಟೋ ಹೊರಟಿತು. ಅವರು ಬರಲಿಲ್ಲ. ಹನ್ನೆರಡು ದಿನಕ್ಕೆ ಸುದ್ದಿ ಬಂತು. ಆ ಎರಡು ಕೋಣೆಗಳ ಸಾಮಾನು ಒಂದೇ ಗೂಡ್ಸ್ ಆಟೋದಲ್ಲಿ ಹಿಡಿಸಿತು.

ಅವರು ಹೋದ ಮೇಲೆ ನಾನು ನಿಜವಾಗಿಯೂ ವಕೀಲರನ್ನು ಕೇಳಿದೆ. ಈಗ ಕೋರ್ಟಿಗೆ ಬರುವ ಒಬ್ಬ ಹುಡುಗಿ. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಹಳೇ ಯಂತ್ರದ ಹಾಗೆ ನಟಿಸೋ ಪ್ರೋಗ್ರಾಂ ಇಟ್ಕೊಳ್ಳೋದು ತಪ್ಪಲ್ಲ ಅಂಕಲ್. ಆಟಾನ ನೆಟ್‌ನಿಂದ ಇಳಿಸ್ಕೊಳ್ಳೋದೇ ತೊಡಕು. ಎಷ್ಟೇ ಹಳೇದಾದ್ರೂ, ಕಂಪನಿ ಮುಚ್ಚಿದ್ರೂ, ಅದರ ಹಕ್ಕು ಯಾರದ್ದೋ ಹತ್ರ ಇರುತ್ತೆ. ಕ್ಯಾಸೆಟ್ ಇದ್ರೂ ಅದು ವಾದ ಮಾಡೋ ವಿಷಯಾನೇ. ಆದ್ರೆ ಮನೇಲಿ ಕೂತು ಆಡೋ ಅಜ್ಜಿ ಮೇಲೆ ಯಾರು ಕೇಸ್ ಹಾಕ್ತಾರೆ?" ಆಮೇಲೆ ನಕ್ಕು, "ಆ ಕಾಲದಲ್ಲಿ ನಮ್ಮಲ್ಲಿ ಮಾರ್ತಿದ್ದ ಕ್ಯಾಸೆಟ್ಟುಗಳೇ ಎಷ್ಟೋ ನಕಲು" ಎಂದಳು.

ಅಂದರೆ ನಾನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆಡಿ ಎಂದದ್ದೂ ನನಗೆ ಬೇಕಾದ್ದರಿಂದ, ಅಳಿಸಿ ಎಂದದ್ದೂ ನನಗೆ ಬೇಕಾದ್ದರಿಂದ. ಎರಡು ಸಲವೂ ಅವರು ಕೇಳಿದ್ದು ಕಾನೂನು. ಎರಡು ಸಲವೂ ನಾನು ಕೊಟ್ಟದ್ದು ನನ್ನ ಅನುಕೂಲ.

ಮೂರು ಗಂಟೆ ಈಗಲೂ ದಿನಾ ಆಗುತ್ತದೆ. ಸೊಸೆ ಬರುವವರೆಗೆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಈ ಆಯುಸ್ಸಿನಲ್ಲಿ ತಪ್ಪಾಯಿತು ಎಂದು ಹಲವರಿಗೆ ಹೇಳಿದ್ದೇನೆ. ಹೆಂಡತಿಗೆ ಹೇಳಿದ್ದೇನೆ, ಮಗನಿಗೆ ಹೇಳಿದ್ದೇನೆ, ತಪ್ಪು ಮನೆಗೆ ನೋಟೀಸು ಕೊಟ್ಟು ಬಂದು ಅಪರಿಚಿತರಿಗೂ ಹೇಳಿದ್ದೇನೆ. ಗೇಟಿನ ತನಕ ಬಂದು ನಿಂತವರಿಗೆ, ಆಟೋದಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದವರಿಗೆ ಮಾತ್ರ ಹೇಳಲಿಲ್ಲ. ಎದುರು ಮನೆಯ ನಮ್ಮ ಪೋಸ್ಟ್ ಮೇಡಂಗೆ.