ಬಲ ಕೊಡುವ ಪಾಠ

ನಾರಾಯಣಪೇಟೆಯಿಂದ ಅಕ್ಕ ಕಳಿಸಿದ ಹತ್ತಿ ಸೀರೆಯ ಮಡಿಕೆಯನ್ನು ನಿನ್ನೆ ಬಿಚ್ಚಿದೆ. ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹಬ್ಬದ ವಾಸನೆ ಇರಬಹುದು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಕ್ತಲದ ರೀಸನಿಂಗ್ ಸರ್ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ... ಅವರು ತೀರಿಕೊಂಡು ವಾರವೂ ಆಗಿಲ್ಲ. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡುವವರು ಆಡಲಿ, ನನ್ನ ಕೈಲಾಗುವುದಿಲ್ಲ.

ಗಡಿಯಾಚೆ ತೆಲಂಗಾಣದ ಮಕ್ತಲದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ರೀಸನಿಂಗ್, ಅಂದರೆ ತರ್ಕದ ಪಾಠ ಹೇಳುತ್ತಿದ್ದರು. ನಾನು ನಾರಾಯಣಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮದು ನೇಕಾರರ ಮನೆ. ಬೆಳಗಾಗುತ್ತಲೇ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದೆವು. ಹಚ್ಚಿದ ಮೇಲೆ ಅದು ಒಣಗುವ ತನಕ ಮನೆಯವರೆಲ್ಲ ಕುಂಚ ಹಿಡಿದು ತೀಡುತ್ತಲೇ ಇರಬೇಕು, ಇಲ್ಲವಾದರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಹಾಳು. ಅಂಥ ದಿನ ನಾನು ತಡವಾಗಿ, ಕೈತುಂಬ ಗಂಜಿಯ ವಾಸನೆ ಹೊತ್ತು ಕ್ಲಾಸಿಗೆ ಹೋಗುತ್ತಿದ್ದೆ. ಸರ್ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು.

ಪಾಠ ಮಾತ್ರ ಚೆನ್ನಾಗಿ ಹೇಳುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. ವಾದಕ್ಕೆ ಬಲ ಕೊಡುವ ಹೇಳಿಕೆ ಯಾವುದು ಎಂಬ ಪ್ರಶ್ನೆ ಬಂದರೆ ಅವರಿಗೆ ಹುರುಪು. "ಹಳೇ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಗಿರಾಕಿ ಕಡಿಮಿ ಆಗ್ಯಾರ. ಹೊಸಾ ಬಸ್‌ಸ್ಟ್ಯಾಂಡ್ ದೂರ ಆಗಿದ್ದಕ್ಕ ಹಿಂಗಾಗೇತಿ ಅಂತ ಮಾಲಕ ಅಂತಾನ. ಕಾರಣಕ್ಕೂ ತೀರ್ಮಾನಕ್ಕೂ ನಡುವ ಒಂದು ಸಂದು ಇರತೈತಿ. ಆ ಸಂದು ಯಾವ ಮಾತು ಮುಚ್ಚತೈತಿ, ಅದೇ ಬಲ" ಎನ್ನುತ್ತಿದ್ದರು. ಹೋಟೆಲಿನ ರುಚಿ ಕೆಟ್ಟಿಲ್ಲ, ದರ ಏರಿಲ್ಲ ಎಂದು ತೋರಿಸಿದರೂ ಬಲವೇ. ಆಮೇಲೆ ಕೋಲಿನಿಂದ ಬೋರ್ಡು ಕುಟ್ಟಿ, "ತೀರ್ಮಾನ ಖರೇ ಅಂತನ ಹಿಡೀರಿ, ಅದಕ್ಕ ಕೈ ಹಚ್ಚಬ್ಯಾಡ್ರಿ. ಸಬೂತು, ಅಂದ್ರ ಪುರಾವೆ ಹುಡುಕ್ರಿ" ಎನ್ನುತ್ತಿದ್ದರು. ಪರೀಕ್ಷೆಯ ಮಟ್ಟಿಗೆ ಅದು ಸರಿಯಾದ ಮಾತು.

ಆ ವರ್ಷ ಹೈದರಾಬಾದಿನಲ್ಲಿ ಊಟ, ವಸತಿಯೊಂದಿಗೆ ತರಬೇತಿಗೆ ಒಂದು ಸೀಟು ಇತ್ತು. ಸರ್ ನಡೆಸುವ ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಅವರ ಶಿಫಾರಸು. ಯಾರು ಮೊದಲು ಬರುತ್ತಾರೆಂದು ಅವರು ಮುಂಚೆಯೇ ಎಲ್ಲರಿಗೂ ಹೇಳಿಟ್ಟಿದ್ದರು. ಆ ಹೆಸರು ನನ್ನದಾಗಿರಲಿಲ್ಲ, ಆದರೆ ಮೊದಲು ಬಂದದ್ದು ನಾನು.

ಮಾರನೆಯ ದಿನ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಪ್ರಶ್ನೆಪತ್ರಿಕೆಯ ಕಟ್ಟಿನಲ್ಲಿ ಒಂದು ಪ್ರತಿ ಕಡಿಮೆಯಂತೆ, ಕಟ್ಟು ಗಂಜಿ ನಾರುತ್ತಿತ್ತಂತೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ತೀರ್ಮಾನ, ಪೇಪರ್ ಕದ್ದವಳು ಈಕೆ. ನಂತರ ಕ್ಲಾಸಿನ ಕಡೆ ತಿರುಗಿ, "ಹೂಂ, ಬಲ ಕೊಡ್ರಿ" ಎಂದರು.

ಹುಡುಗ ಹುಡುಗಿಯರು ಕೈ ಎತ್ತಿದರು. "ಪರೀಕ್ಷಿ ದಿನ ಈಕಿ ಎಲ್ಲಾರಿಗಿಂತ ಲಗೂ ಬಂದಿದ್ಲು ಸರ್." "ಹೋದ ಸಲ ಮಾರ್ಕ್ಸ್ ಕಡಿಮಿ ಇದ್ವು ಸರ್." "ಗಂಜಿ ಕೆಲಸ ನಮ್ಮ ಬ್ಯಾಚಿನಾಗ ಇವರ ಮನ್ಯಾಗ ಅಷ್ಟ ಐತ್ರೀ." ಪ್ರತಿಯೊಂದಕ್ಕೂ ಸರ್ ಶಾಬಾಶ್ ಎಂದು ಬೋರ್ಡಿಗೆ ಏರಿಸಿದರು. ನಾನು ನಿಂತಲ್ಲಿಂದಲೇ ಕೇಳಿದೆ: "ಸರ್, ಕೆಳಗ ಸೀರಿ ಅಂಗಡಿನೇ ಐತಲ್ರೀ. ಈ ಮನಿ ತುಂಬ ಅದೇ ವಾಸನಿ ಐತಿ. ಕಟ್ಟು ಎಲ್ಲಿ ಇಟ್ಟಿದ್ರಿ?"

ಸರ್ ನಕ್ಕರು. "ಅದು ವಾದದ ಬಲ ತಗಿಯೋ ಪ್ರಶ್ನಿ. ಅದರ ಪಾಠ ಮುಂದಿನ ವಾರ. ಇವತ್ತು ಬಲ ಕೊಡೋ ಪಾಠ. ಕುಂದ್ರು."

ಇಡೀ ಕ್ಲಾಸು ನಕ್ಕಿತು... ಆ ನಗು ಈಗಲೂ ಕೇಳುತ್ತದೆ.

ಸೀಟು ಅವರು ಹೇಳಿಟ್ಟವನಿಗೇ ಹೋಯಿತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮಕ್ತಲಕ್ಕೆ ಬಂದ. ಸರ್ ಚಹಾ ತರಿಸಿ, ಮೆತ್ತಗೆ ತೆಲುಗಿನಲ್ಲಿ, ಬೋರ್ಡಿನ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಅಪ್ಪನಿಗೆ ಹೇಳಿದರು. ಬಸ್ಸಿಳಿದು ಮನೆ ಹತ್ತಿರ ಬಂದಾಗ ಅಪ್ಪ ಅಂದ: "ಓದಿದ ಮನುಷ್ಯಾ ಅಷ್ಟು ಸಬೂತು ಕೊಡ್ತಾನಂದ್ರ..." ನಾನು ಕದ್ದಿಲ್ಲ ಎಂದು ಅಳುತ್ತ ಆಣೆ ಮಾಡಿದೆ. ಅಪ್ಪ ಹೋಗಿ ಮಗ್ಗದಲ್ಲಿ ಕೂತ. ಅವತ್ತಿನಿಂದ ನನ್ನ ಓದಿನ ಸುದ್ದಿಯನ್ನೇ ಎತ್ತಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಆ ಸೀರೆ ಅಂಗಡಿಗೆ ಹೋಗಿದ್ದೆ. ಮಾಲೀಕರು ಗುರುತು ಹಿಡಿದು ತಾವಾಗಿಯೇ ಬಾಯಿ ಬಿಟ್ಟರು. ಮೇಲಿನ ಕೋಣೆಯ ಬೀಗ ಸರಿಯಿಲ್ಲವೆಂದು ಸರ್ ಆ ಕಟ್ಟನ್ನು ಅಂಗಡಿಯ ಸೀರೆಗಳ ನಡುವೆ ಇಟ್ಟು ಹೋಗಿದ್ದರಂತೆ. ಒಂದು ಪ್ರತಿ ಸೀರೆಯ ಮಡಿಕೆಯಲ್ಲೇ ಉಳಿದಿತ್ತಂತೆ. ಸಿಕ್ಕಾಗ ಇವರು ಸರ್ ಕೈಗೇ ಕೊಟ್ಟಿದ್ದರು. "ಆಗಿದ್ದು ಆಗೇತಿ, ಬಿಡ್ರಿ ಅಂತ ಸರ್ ಅಂದ್ರವ್ವಾ" ಎಂದರು ಮಾಲೀಕರು. ಆ ಪ್ರತಿ ಸರ್ ಕೈ ಸೇರಿದಾಗ ಅಪ್ಪ ಇನ್ನೂ ಬದುಕಿದ್ದ, ಮಗ್ಗದಲ್ಲಿ ಕೂತು ನೇಯುತ್ತಿದ್ದ. ನಾರಾಯಣಪೇಟೆಗೆ ಬಂದು ಒಂದು ಮಾತು ಹೇಳಲು ಸರ್‌ಗೆ ಏನು ಅಡ್ಡಿ ಇತ್ತು? ಅವರನ್ನು ನಾನು ಕ್ಷಮಿಸಿಲ್ಲ.

ಈಗ ಗದ್ವಾಲಿನಲ್ಲಿ ನಾನೂ ಅದೇ ವಿಷಯ ಹೇಳಿಕೊಡುತ್ತೇನೆ. ನಿನ್ನೆ ಅಕ್ಕನ ಸೀರೆ ತೊಡೆಯ ಮೇಲಿದ್ದಾಗಲೇ ಹಳೆಯ ಸಹಪಾಠಿಯ ಫೋನು ಬಂತು: "ಸರ್ ಭಾಳ ದೊಡ್ಡ ಮನುಷ್ಯಾ ಇದ್ರು ಅಂತ ಒಂದು ಪುಸ್ತಕ ಮಾಡಾಕತ್ತೀವಿ. ನೀನೂ ನಾಕು ಮಾತು ಬರದು ಕಳಸವ್ವಾ." ತೀರ್ಮಾನ ಆಗಲೇ ಬರೆದಾಗಿದೆ, ಇನ್ನು ನಾನು ಬಲ ಕೊಡಬೇಕು!

ಬರೆದದ್ದು ಇದು. ಪುಸ್ತಕ ಮಾಡುವವರು ಅಚ್ಚು ಹಾಕುವುದಿಲ್ಲ, ಗೊತ್ತು. ನನ್ನ ಕ್ಲಾಸಿನಲ್ಲಿ ಬಲ ಕೊಡುವ ಪಾಠ, ಬಲ ತೆಗೆಯುವ ಪಾಠ ಎರಡನ್ನೂ ಒಂದೇ ದಿನ ಮುಗಿಸಿಯೇ ಮಕ್ಕಳನ್ನು ಮನೆಗೆ ಕಳಿಸುತ್ತೇನೆ. ಆ ಎರಡನೆಯ ಪಾಠವನ್ನು ಕೇಳಬೇಕಾಗಿದ್ದವನು ಅಪ್ಪ. ಸರ್ ಅವನಿಗೆ ಮೊದಲನೆಯದನ್ನಷ್ಟೇ ಹೇಳಿ ಕಳಿಸಿದರು.